ಬೆಂಚು ತಿರುಗಿಸಿ ಕೂತಾಗ
(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಹುಡುಗರು ನಮ್ಮ ಮನೆಗೆ ಬಂದು, "ಸಾರ್, ಶಿಕ್ಷಣದ ಮಹತ್ವ ಅಂತ ಅರ್ಧ ಗಂಟೆ ಮಾತಾಡಿ" ಅಂದರು. ಅದು ನನ್ನಿಂದ ಆಗಲ್ಲಪ್ಪ ಅಂದೆ. ಶಿಕ್ಷಣದ ಮಹತ್ವ ಗೊತ್ತಿಲ್ಲದ ಒಂದು ಮನೆಯೂ ಈ ಕಾಲೋನಿಯಲ್ಲಿ ಇಲ್ಲ. ಕಿವಿಯ ಓಲೆ ಅಡವಿಟ್ಟು ಮಗಳ ಫೀಸ್ ಕಟ್ಟಿದ ತಾಯಿಗೆ ನಾನು ಹೋಗಿ ಮಹತ್ವ ಹೇಳಿಕೊಡೋದಾ? ನಾನು ಹೇಳುವುದು ಬಹಳ ಸಣ್ಣ ವಿಷಯ. ಕಾಲೇಜಿನ ಮೊದಲ ವರ್ಷದ ಕೆಮಿಸ್ಟ್ರಿ ಪೇಪರಿನಲ್ಲಿ ನಮ್ಮ ಮಕ್ಕಳು ಯಾಕೆ ಬೀಳ್ತಾರೆ, ಬೀಳದ ಹಾಗೆ ನಾವು ಏನು ಮಾಡಬಹುದು ಅನ್ನೋದು. ಅಷ್ಟೇ.

ಸಣ್ಣ ವಿಷಯ ಅಂದೆ, ಆದರೆ ಅದರ ಹಿಂದೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಮೊದಲ ಸೆಮಿಸ್ಟರಿನಲ್ಲಿ ಒಂದು ಅರಿಯರ್. ಎರಡನೆಯದರಲ್ಲಿ ಮೂರು. ಬಾಟನಿ ಓದುವವರಿಗೂ, ಫಿಸಿಕ್ಸ್ ಓದುವವರಿಗೂ ಅಲೈಡ್ ಕೆಮಿಸ್ಟ್ರಿ ಇರುತ್ತೆ, ಆದ್ದರಿಂದ ಅದು ಕೆಮಿಸ್ಟ್ರಿ ತೆಗೆದುಕೊಂಡವರಿಗೆ ಮಾತ್ರ ಬಂದ ಕಷ್ಟ ಅಲ್ಲ. ಮೂರನೇ ಸೆಮಿಸ್ಟರ್ ಹೊತ್ತಿಗೆ ಹುಡುಗ "ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಬರೀತೀನಿ" ಅಂತ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ, ತಿರುಪ್ಪೂರಿಗೋ, ಹೊಸೂರಿನ ಕಂಪನಿಗೋ ಬಸ್ ಹತ್ತುತ್ತಾನೆ. ಹುಡುಗಿಯಾದರೆ ಮದುವೆ. ಈ ಬೀದಿಯಲ್ಲೇ ಎಣಿಸಿ ನೋಡಿ, ಡಿಗ್ರಿ ಅರ್ಧಕ್ಕೆ ನಿಂತ ಮನೆ ಎಷ್ಟಿದೆ ಅಂತ. ಸೀಟ್ ಸಿಗದೆ ನಿಂತವರು ಕಡಿಮೆ. ಸೀಟು ಸಿಕ್ಕಿ, ಒಳಗೆ ಕೂತು, ಅರ್ಥವಾಗದೆ ಎದ್ದು ಬಂದವರು ಹೆಚ್ಚು.

ನಾನೂ ಹಾಗೆ ಎದ್ದು ಬರಬೇಕಾಗಿದ್ದವನೇ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಕಾಲೇಜಿಗೆ ಹೋದ ದಿನದಿಂದ ಇಂಗ್ಲಿಷ್. ಎಪ್ಪತ್ತು ಜನರ ಕ್ಲಾಸ್. ಪ್ರೊಫೆಸರ್ ಬಂದು ಬೋರ್ಡ್ ಕಡೆ ತಿರುಗಿ ಮೋಲ್ ಅಂದರೆ ಏನು ಅಂತ ಇಂಗ್ಲಿಷಿನಲ್ಲಿ ಒಂದು ವ್ಯಾಖ್ಯೆ ಬರೆದರು. ನಾವು ಬರೆದುಕೊಂಡೆವು. "ಎನಿ ಡೌಟ್ಸ್?" ಅಂದರು. ಎಪ್ಪತ್ತು ಜನ ಸುಮ್ಮನೆ. ನನಗೆ ಡೌಟು ಇರಲಿಲ್ಲ ನೋಡಿ, ಡೌಟು ಬರೋಕೂ ಸ್ವಲ್ಪ ಅರ್ಥ ಆಗಿರಬೇಕು! ಕೊನೆ ಬೆಂಚಿನಲ್ಲಿ ಮೂರು ವರ್ಷ ಕೂತೆ. ಒಂದು ಸಲವೂ ಬಾಯಿ ತೆರೆಯಲಿಲ್ಲ. ಬಾಯಿ ತೆರೆದರೆ ಇವನು ಯಾವ ಕೋಟಾದಲ್ಲಿ ಬಂದವನು ಅಂತ ಗೊತ್ತಾಗುತ್ತೆ ಅನ್ನೋ ಭಯ. ಪಾಸಾದದ್ದು ಹಾಸ್ಟೆಲಿನಲ್ಲಿ ರಾತ್ರಿ ಊಟ ಆದಮೇಲೆ ಒಬ್ಬ ಸೀನಿಯರ್ ಅಣ್ಣ ನಮ್ಮ ನಾಲ್ಕು ಜನರನ್ನು ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಿದ್ದರಿಂದ. ಅವರು ಹೇಳಿಕೊಡುತ್ತಿರಲಿಲ್ಲ, ಅದೇ ವಿಶೇಷ. "ನೀನು ಇವನಿಗೆ ಹೇಳು, ತಪ್ಪಿದರೆ ಅವನು ಹೇಳಲಿ" ಅನ್ನುತ್ತಿದ್ದರು. ಕನ್ನಡದಲ್ಲೇ. ಆ ಹಾಸ್ಟೆಲ್ ವರಾಂಡಾದಲ್ಲಿ ಕಲಿತದ್ದನ್ನೇ ಇವತ್ತಿಗೂ ಪಾಠ ಮಾಡ್ತಾ ಇದ್ದೀನಿ.

ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯ್ತು, ಇದನ್ನು ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ಸಂಶೋಧನೆ ಮಾಡಿ ಕಂಡುಹಿಡಿದಿದ್ದಾರೆ ಅಂತ. ಅದರಲ್ಲಿ ಒಂದು ಕಥೆಯನ್ನು ಮಾತ್ರ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಅದು ನಮ್ಮದೇ ಕಥೆ.

ಅಮೆರಿಕಾದ ಬರ್ಕ್ಲಿಯಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಅಂತ ಒಬ್ಬ ಗಣಿತದವರು ಇದ್ದರು. ಕರಿಯ ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಬೀಳ್ತಾ ಇದ್ದರು. ಯಾಕೆ ಅಂತ ಅಧ್ಯಾಪಕರನ್ನು ಕೇಳಿದರೆ ಉತ್ತರಗಳು ರೆಡಿ ಇದ್ದವು: ಓದುವ ಮನಸ್ಸಿಲ್ಲ, ತಳಪಾಯ ಸರಿಯಿಲ್ಲ, ಮನೆಯವರು ಗಮನ ಕೊಡಲ್ಲ, ಬಡತನ. ನಮ್ಮ ಬಗ್ಗೆ ಸ್ಟಾಫ್ ರೂಮಿನಲ್ಲಿ ಹೇಳುವ ಮಾತೇ, ಒಂದಕ್ಷರ ಬದಲಿಲ್ಲ. ಟ್ರೈಸ್‌ಮನ್ ಅದನ್ನು ನಂಬದೆ, ಇಪ್ಪತ್ತು ಕರಿಯ ವಿದ್ಯಾರ್ಥಿಗಳು, ಇಪ್ಪತ್ತು ಚೀನೀ ಮನೆತನದ ವಿದ್ಯಾರ್ಥಿಗಳು, ಇವರು ದಿನಾ ಹೇಗೆ ಓದ್ತಾರೆ ಅಂತ ಹಿಂದೆ ಹಿಂದೆಯೇ ಹೋಗಿ ನೋಡಿದರು. ಅಧ್ಯಾಪಕರ ಉತ್ತರಗಳು ಒಂದೂ ನಿಲ್ಲಲಿಲ್ಲ. ಕರಿಯ ಮಕ್ಕಳು ಕಷ್ಟಪಟ್ಟೇ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ, ರೂಮಿನ ಬಾಗಿಲು ಹಾಕಿಕೊಂಡು. ಚೀನೀ ಹುಡುಗರು ಸಂಜೆ ಒಟ್ಟಿಗೆ ಸೇರಿ, ಅಡುಗೆ ಮಾಡಿ ಉಂಡು, ಒಬ್ಬರ ಲೆಕ್ಕ ಒಬ್ಬರು ನೋಡಿ, ನೀನು ಇಲ್ಲಿ ತಪ್ಪಿದ್ದೀಯ ಅಂತ ಜಗಳ ಮಾಡಿಕೊಂಡು ಓದುತ್ತಿದ್ದರು. ಒಬ್ಬನೇ ಓದಿದವನಿಗೆ ಲೆಕ್ಕ ಬರದಿದ್ದರೆ, ಇದು ನನಗೆ ಮಾತ್ರ ಬರ್ತಿಲ್ಲ, ನಾನೇ ದಡ್ಡ ಅನ್ನಿಸುತ್ತೆ. ಗುಂಪಿನಲ್ಲಿ ಓದಿದವನಿಗೆ, ಈ ಲೆಕ್ಕವೇ ಕಷ್ಟ, ಯಾರಿಗೂ ಬಂದಿಲ್ಲ ಅಂತ ತಿಳಿಯುತ್ತೆ. ಈ ಎರಡರ ನಡುವೆ ಒಂದು ಜೀವನವೇ ಇದೆ.

ಟ್ರೈಸ್‌ಮನ್ ಮಾಡಿದ್ದು ರೆಮಿಡಿಯಲ್ ಕ್ಲಾಸ್ ಅಲ್ಲ. ನೀವು ಹಿಂದೆ ಬಿದ್ದವರು, ಬನ್ನಿ ಸುಲಭದ ಲೆಕ್ಕ ಹೇಳಿಕೊಡ್ತೀವಿ ಅನ್ನಲಿಲ್ಲ. ಬಹಳ ಕಷ್ಟದ ಲೆಕ್ಕಗಳ ಹಾಳೆ ಕೊಟ್ಟು, ಗುಂಪಾಗಿ ಕೂರಿಸಿದರು. ಅದರಲ್ಲಿ ಸೇರಿದ ಕರಿಯ ವಿದ್ಯಾರ್ಥಿಗಳು ಚೆನ್ನಾಗಿ ಪಾಸಾಗತೊಡಗಿದರು. ನಮ್ಮ ಸಂಘದ ಬ್ಯಾನರಿನಲ್ಲಿ ಶಿಕ್ಷಣ, ಸಂಘಟನೆ, ಹೋರಾಟ ಅಂತ ಬರೆದಿದ್ದೀವಿ. ಸಂಘಟನೆ ಅಂದರೆ ಮೆರವಣಿಗೆ, ಮನವಿ ಪತ್ರ ಅಂದುಕೊಂಡಿದ್ದೀವಿ. ಓದುವುದಕ್ಕೆ ಮಾತ್ರ ಒಬ್ಬೊಬ್ಬರೇ ಮೂಲೆ ಸೇರ್ತೀವಿ.

ಇನ್ನು ಕೆಮಿಸ್ಟ್ರಿಗೆ ಬರ್ತೀನಿ. ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನಲ್ಲಿ 1994ರಲ್ಲಿ ಕೆಲವು ಕೆಮಿಸ್ಟ್ರಿ ಅಧ್ಯಾಪಕರು ಲೆಕ್ಚರನ್ನೇ ಬಿಟ್ಟರು. ಅದಕ್ಕೆ ಪೋಗಿಲ್ ಅಂತ ಹೆಸರು ಬಂತು. ಹೆಸರು ಬಿಡಿ, ನಡೆಯುವುದು ಹೀಗೆ: ಮೂರು ನಾಲ್ಕು ಜನರ ಗುಂಪು. ಪ್ರತಿ ಗುಂಪಿಗೆ ಒಂದು ಹಾಳೆ. ಹಾಳೆಯಲ್ಲಿ ಮೊದಲು ಒಂದು ಪಟ್ಟಿಯೋ ಚಿತ್ರವೋ ಇರುತ್ತೆ. ಆಮೇಲೆ ಪ್ರಶ್ನೆಗಳು, ಮೆಟ್ಟಿಲು ಹಾಗೆ. ಮೊದಲ ಪ್ರಶ್ನೆಗೆ ಕಣ್ಣಿದ್ದರೆ ಸಾಕು, ಪಟ್ಟಿ ನೋಡಿ ಹೇಳಬಹುದು. ಮುಂದಿನದಕ್ಕೆ ಯೋಚನೆ ಬೇಕು. ಹೊಸ ಪದ, ವ್ಯಾಖ್ಯೆ, ಇವೆಲ್ಲ ಕೊನೆಗೆ ಬರುತ್ತವೆ. ವಿಷಯ ಕೈಗೆ ಸಿಕ್ಕಮೇಲೆ ಅದಕ್ಕೆ ಹೆಸರು. ನಮ್ಮಲ್ಲಿ ನಡೆಯುವುದು ಉಲ್ಟಾ, ಮೊದಲ ದಿನವೇ ಹೆಸರು, ವಿಷಯ ಪರೀಕ್ಷೆ ಮುಗಿದಮೇಲೂ ಬರಲ್ಲ. ಗುಂಪಿನಲ್ಲಿ ಒಬ್ಬರು ಕೆಲಸ ನಡೆಸಬೇಕು, ಒಬ್ಬರು ಬರೆಯಬೇಕು, ಒಬ್ಬರು ಎದ್ದು ನಿಂತು ಹೇಳಬೇಕು, ಒಬ್ಬರು ಗುಂಪು ಹೇಗೆ ನಡೀತಿದೆ ಅಂತ ಗಮನಿಸಬೇಕು. ಮೇಷ್ಟ್ರು ಸುಮ್ಮನೆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಬೆಂಚಿನಿಂದ ಬೆಂಚಿಗೆ ಓಡಾಡಬೇಕು, ಉತ್ತರ ಹೇಳಬಾರದು, ಸಿಕ್ಕಿಕೊಂಡ ಗುಂಪಿಗೆ ಇನ್ನೊಂದು ಪ್ರಶ್ನೆ ಕೇಳಬೇಕು. ಲೆಕ್ಚರಿಗಿಂತ ಇದು ಎರಡರಷ್ಟು ಸುಸ್ತು, ನಾನು ಮಾಡಿ ನೋಡಿದ್ದೀನಿ.

ನೂರಾರು ಜನರ ಕ್ಲಾಸಿನಲ್ಲೂ ಇದು ಆಗುತ್ತೆ. ನಮ್ಮ ಕಡೆ ಬೆಂಚು ಅಲ್ಲಾಡಲ್ಲ ಅನ್ನೋದು ನಿಜ. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ನಾಲ್ಕು ಜನ ಆಯ್ತಲ್ಲ.

ಇದರಿಂದ ಏನು ಲಾಭ ಅಂತ ಕೇಳುವವರಿಗೆ ಎರಡೇ ಲೆಕ್ಕ ಹೇಳ್ತೀನಿ. 2014ರಲ್ಲಿ ಅಮೆರಿಕಾದಲ್ಲಿ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ 225 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಬರೀ ಲೆಕ್ಚರ್ ಕೇಳಿದ ಕ್ಲಾಸುಗಳಲ್ಲಿ 100ಕ್ಕೆ ಸುಮಾರು 34 ಜನ ಫೇಲು, ತಾವೇ ಕೈಹಾಕಿ ಕಲಿತ ಕ್ಲಾಸುಗಳಲ್ಲಿ ಸುಮಾರು 22. ಇನ್ನೊಂದು ಅಧ್ಯಯನ 2020ರದು, ನಮಗೆ ಅದೇ ಮುಖ್ಯ. ಹಿಂದೆ ಇಡಲ್ಪಟ್ಟ ಸಮುದಾಯದ, ಬಡವರ ಮನೆಯ ವಿದ್ಯಾರ್ಥಿಗಳಿಗೂ ಉಳಿದವರಿಗೂ ಪಾಸಾಗುವುದರಲ್ಲಿ ಇದ್ದ ಅಂತರ ಈ ರೀತಿ ಕಲಿಸಿದಾಗ ಸರಾಸರಿ 45 ಪರ್ಸೆಂಟ್ ಕಡಿಮೆಯಾಯ್ತು. ಅಂದರೆ, ಬರೀ ಲೆಕ್ಚರ್ ಎಲ್ಲರಿಗೂ ಒಂದೇ ಸಮ ಅಲ್ಲ. ಮನೆಯಲ್ಲಿ ಕೇಳಿದರೆ ಹೇಳಿಕೊಡುವ ಅಪ್ಪ, ಟ್ಯೂಷನ್, ಇಂಗ್ಲಿಷ್ ಇದ್ದವನಿಗೆ ಲೆಕ್ಚರ್ ಸಾಕು. ನಮಗೆ ಸಾಲದು.

ಇದೆಲ್ಲ ಅಮೆರಿಕಾದ ಮಾತು, ನಮ್ಮೂರಿಗೆ ಯಾಕೆ ಅನ್ನಬೇಡಿ. ಇಲ್ಲಿ ಕೂತಿರುವ ಕಾಲೇಜು ಮಕ್ಕಳೇ, ನೀವು ಒಂದನೇ ಕ್ಲಾಸಿನಲ್ಲಿ ಚಾಪೆ ಮೇಲೆ ವೃತ್ತವಾಗಿ ಕೂತು, ಕಾರ್ಡ್ ತೆಗೆದು, ಗೋಡೆಯ ಕೆಳಗಿನ ಕರಿಹಲಗೆಯಲ್ಲಿ ಬರೆದದ್ದು ನೆನಪಿದೆಯಾ? ಮೇಷ್ಟ್ರೂ ನೆಲದ ಮೇಲೇ ಕೂರುತ್ತಿದ್ದರು. ಅದೇ ಎ.ಬಿ.ಎಲ್. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಹಳ್ಳಿ ಶಾಲೆಗಳಿಗೆ ಮಾಡಿದ ಕಾರ್ಡುಗಳಿಂದ ಅದು ಬಂದದ್ದು. ಅದನ್ನೇ ನೋಡಿಕೊಂಡು ಬಂದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ನಲಿ ಕಲಿ ಶುರು ಮಾಡಿದರು. ನಮ್ಮ ರಾಜ್ಯದಲ್ಲಿ ಎಂ.ಪಿ. ವಿಜಯಕುಮಾರ್ ಅನ್ನುವ ಐ.ಎ.ಎಸ್. ಅಧಿಕಾರಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ 2003ರಲ್ಲಿ ಆರಂಭಿಸಿದರು. ಅದಕ್ಕೂ ಮೊದಲು ಅವರು ವೆಲ್ಲೂರು ಕಲೆಕ್ಟರ್ ಆಗಿದ್ದಾಗ ಜೀತದಿಂದ ಬಿಡಿಸಿದ ಮಕ್ಕಳ ಶಾಲೆಗಳಿಗೆ ಈ ದಾರಿ ಹಿಡಿದಿದ್ದರು ಅನ್ನೋದನ್ನು ಮರೆಯಬಾರದು. 2007-08ರ ಹೊತ್ತಿಗೆ ರಾಜ್ಯದ ಎಲ್ಲಾ ಸರ್ಕಾರಿ ಪ್ರಾಥಮಿಕ ಶಾಲೆಗೂ ಬಂತು. ಅದರಲ್ಲೂ ಕುಂದು ಇತ್ತು, ಕಾರ್ಡ್ ಹರಿದರೆ ಹೊಸದು ಬರುತ್ತಿರಲಿಲ್ಲ, "ಮೇಷ್ಟ್ರು ಪಾಠವೇ ಮಾಡಲ್ಲ" ಅಂತ ತಾಯಂದಿರು ಬೈಯುತ್ತಿದ್ದರು. ಆದರೂ ಮಗು ಬಾಯಿ ತೆರೆಯುತ್ತಿತ್ತು. ಆರನೇ ಕ್ಲಾಸಿನ ಮೇಲೆ ಮತ್ತೆ ಸಾಲಾಗಿ ಬೆಂಚು, ಕಾಲೇಜಿಗೆ ಬರುವಾಗ ಬಾಯಿ ಪೂರ್ತಿ ಬಂದ್.

ನಾನು ನನ್ನ ಕ್ಲಾಸಿನಲ್ಲಿ ಮೊದಲ ಸಲ ಇದನ್ನು ಮಾಡಿದಾಗ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಮುಚ್ಚಿಡಬಾರದು. "ನಿಮಗೆ ಇಷ್ಟ ಬಂದವರ ಜೊತೆ ನಾಲ್ಕು ನಾಲ್ಕು ಜನ ಕೂತುಕೊಳ್ಳಿ" ಅಂದುಬಿಟ್ಟೆ. ಎರಡು ನಿಮಿಷದಲ್ಲಿ ಕೂತರು. ತಲೆ ಎತ್ತಿ ನೋಡ್ತೀನಿ, ಊರಿನ ನಕ್ಷೆಯೇ ಕ್ಲಾಸಿನೊಳಗೆ ಬಂದು ಕೂತಿದೆ. ಊರಿನವರು ಮುಂದೆ, ಕಾಲೋನಿಯವರು ಹಿಂದೆ. ಯಾರೂ ಯಾರಿಗೂ ಹೇಳಿರಲಿಲ್ಲ. ಬಾಬಾಸಾಹೇಬರು ಸ್ಕೂಲಿಗೆ ಹೋಗುವಾಗ ಕೂರಲು ಮನೆಯಿಂದ ಗೋಣಿತಾಟು ಕೊಂಡೊಯ್ಯುತ್ತಿದ್ದರು. ಮುಂಬಯಿಯಲ್ಲಿ ಓದುವಾಗ ಅವರು ಬೋರ್ಡಿನ ಹತ್ತಿರ ಹೋದರೆ, ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಉಳಿದ ಹುಡುಗರು ಓಡಿಹೋಗಿ ಎತ್ತಿಕೊಂಡರಂತೆ. ಇವತ್ತು ಗೋಣಿತಾಟು ಕಾಣಲ್ಲ, ಆದರೆ "ಇಷ್ಟ ಬಂದವರ ಜೊತೆ" ಅಂದರೆ ಸಾಕು.

ಮಾರನೇ ವಾರದಿಂದ ಹೆಸರಿನ ಅಕ್ಷರದ ಪ್ರಕಾರ ಕೂರಿಸಿದೆ. ನಾಂಗುನೇರಿಯಲ್ಲಿ ನಮ್ಮ ಹುಡುಗನ ಮೇಲೆ 2023ರಲ್ಲಿ ಹಲ್ಲೆ ಆದಮೇಲೆ ಸರ್ಕಾರ ನೇಮಿಸಿದ ಜಸ್ಟಿಸ್ ಚಂದ್ರು ಸಮಿತಿಯೂ 2024ರ ವರದಿಯಲ್ಲಿ ಇದನ್ನೇ ಹೇಳಿತು: ಕ್ಲಾಸಿನಲ್ಲಿ ಅಕ್ಷರದ ಸಾಲಿನಲ್ಲಿ ಕೂರಿಸಿ ಅಂತ. ಅದೂ ಪೂರ್ತಿ ಸಾಲದು. ನಾಲ್ಕು ಜನರಲ್ಲಿ ನಮ್ಮ ಹುಡುಗಿ ಒಬ್ಬಳೇ ಇದ್ದರೆ ಅವಳ ಕೈಗೆ ಪೆನ್ನು ಕೊಟ್ಟು ಬರೆಯೋಕೆ ಬಿಡ್ತಾರೆ, ಮಾತಾಡೋಕೆ ಬಿಡಲ್ಲ. ಅದಕ್ಕೆ ಪ್ರತಿ ಕ್ಲಾಸಿಗೂ ಕೆಲಸ ಬದಲಾಗಬೇಕು, ಇವತ್ತು ಬರೆದವಳು ನಾಳೆ ಎದ್ದು ನಿಂತು ಹೇಳಬೇಕು. ಇದರಲ್ಲಿ ಮೇಷ್ಟ್ರು ಬಿಗಿಯಾಗಿರಬೇಕು. ಗುಂಪು ಅಂದ ತಕ್ಷಣ ಸಮಾನತೆ ಬಂದುಬಿಡಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಹಾಳೆಗಳಲ್ಲಿ ಚೆನ್ನಾಗಿ ನಡೆದದ್ದು ನೀರಿನ ಹಾಳೆ. ಧರ್ಮಪುರಿ ನೀರಿನ ಕಥೆ ನಿಮಗೆ ಹೇಳಬೇಕಾಗಿಲ್ಲ, ನಮ್ಮ ದೊಡ್ಡವರ ಹಲ್ಲು ನೋಡಿದರೆ ಸಾಕು. ಈ ಕಡೆಯ ಬಂಡೆಯಲ್ಲಿ ಫ್ಲೋರೈಡ್ ಇದೆ, ಅದು ಬೋರ್‌ವೆಲ್ ನೀರಿಗೆ ಇಳಿಯುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲು ಕಂದುಗಟ್ಟುತ್ತೆ, ಇನ್ನೂ ಹೆಚ್ಚಾದರೆ ಮೂಳೆ ಗಂಟು ಹಿಡಿಯುತ್ತೆ. ಅದಕ್ಕೇ ಜಪಾನಿನ ಸಾಲದಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿ 2013ರಲ್ಲಿ ಕಾವೇರಿ ನೀರು ತಂದರು. ಆ ಪೈಪಿನ ಕೊನೆಯಲ್ಲಿ ಯಾರಿದ್ದಾರೆ, ನಲ್ಲಿ ಬಾರದ ದಿನ ಯಾವ ನೀರು ಕುಡೀತಾರೆ ಅಂತ ನೀವೇ ಯೋಚಿಸಿ.

ಹಾಳೆಯಲ್ಲಿ ಒಂದು ಲೀಟರಿನಲ್ಲಿ 3.8 ಮಿಲಿಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ಅಂತ ಇಟ್ಟೆ, ಲೆಕ್ಕ ಸುಲಭವಾಗಲಿ ಅಂತ. ಮೊದಲ ಪ್ರಶ್ನೆ: ದಿನಕ್ಕೆ ಎರಡು ಲೀಟರ್ ಕುಡಿದರೆ ಎಷ್ಟು? 7.6, ಎಲ್ಲರೂ ಹೇಳಿದರು. ಎರಡನೆಯದು: 19 ಗ್ರಾಂ ಫ್ಲೋರೈಡಿನಲ್ಲೂ, 40 ಗ್ರಾಂ ಕ್ಯಾಲ್ಸಿಯಂನಲ್ಲೂ, 12 ಗ್ರಾಂ ಕಾರ್ಬನ್‌ನಲ್ಲೂ ಕಣಗಳ ಸಂಖ್ಯೆ ಒಂದೇ ಅಂತ ಪಟ್ಟಿ ಹೇಳುತ್ತೆ, ಇದರಿಂದ ನಿಮಗೆ ಏನು ತೋರುತ್ತೆ? ಒಂದು ಗುಂಪು ಸಿಕ್ಕಿಕೊಂಡಿತು. ಆಗ ನಮ್ಮ ಕಡೆಯ ಒಂದು ಹುಡುಗಿ, ಮೊದಲ ತಿಂಗಳು ಬಾಯಿಯೇ ತೆರೆಯದವಳು, ಪಕ್ಕದವಳಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು: "ಸೇರು ಇದೆಯಲ್ಲಾ, ಅದರ ಉಲ್ಟಾ ಕಣೇ. ಒಂದು ಸೇರು ರಾಗಿ, ಒಂದು ಸೇರು ಹುಣಸೆಬೀಜ, ಅಳತೆ ಒಂದೇ, ಕಾಳಿನ ಲೆಕ್ಕ ಬೇರೆ. ಇಲ್ಲಿ ಲೆಕ್ಕ ಒಂದೇ, ತೂಕ ಬೇರೆ." ನಾನು ಹಿಂದೆ ನಿಂತಿದ್ದೆ. ಮೂವತ್ತು ವರ್ಷದಿಂದ ಮೋಲ್ ಪಾಠ ಮಾಡ್ತಿದ್ದೀನಿ, ಇಷ್ಟು ಚೆನ್ನಾಗಿ ನಾನು ಹೇಳಿಲ್ಲ. ಆಮೇಲೆ ಅವಳೇ ಎದ್ದು ತಮಿಳಿನಲ್ಲಿ ಇಡೀ ಕ್ಲಾಸಿಗೆ ಹೇಳಿದಳು, ಬೋರ್ಡಿನ ಮೇಲೆ 0.2 ಮಿಲಿಮೋಲ್ ಅಂತ ಇಂಗ್ಲಿಷಿನಲ್ಲಿ ಬರೆದಳು. ಮೂರು ಭಾಷೆಯಲ್ಲಿ ದಾಟಿದಳು ನೋಡಿ.

ಮೂರನೇ ಪ್ರಶ್ನೆ ಜಗಳದ್ದು. ಆ ನೀರನ್ನು ಕುದಿಸಿ ಕುದಿಸಿ ಅರ್ಧ ಮಾಡಿದರೆ ಫ್ಲೋರೈಡ್ ಕಡಿಮೆಯಾಗುತ್ತಾ? ಹೆಚ್ಚು ಜನ ಕೈ ಎತ್ತಿ ಆಗುತ್ತೆ ಅಂದರು. ಡಾಕ್ಟರೇ ಕುದಿಸಿ ಕುಡಿಯೋಕೆ ಹೇಳ್ತಾರಲ್ಲ! ತಪ್ಪಲೆ ತಳದಲ್ಲಿ ಬಿಳಿ ಕಟ್ಟುತ್ತೆ, ಅದರ ಜೊತೆ ಹೋಗುತ್ತೆ ಅಂದ ಒಬ್ಬ. ಸಾರು ಕುದಿಸಿ ಇಂಗಿಸಿದರೆ ಉಪ್ಪು ಹೆಚ್ಚಾಗುತ್ತಾ ಕಡಿಮೆಯಾಗುತ್ತಾ ಅಂದಳು ಇನ್ನೊಬ್ಬಳು. ಕ್ಲಾಸು ಐದು ನಿಮಿಷ ಸಂತೆಯಾಯ್ತು. ಪಕ್ಕದ ರೂಮಿನ ಮೇಷ್ಟ್ರು ಬಂದು ಇಣುಕಿ ಹೋದರು. ಕೊನೆಗೆ ಅವರೇ ತೀರ್ಮಾನಿಸಿದರು: ಕುದಿಸಿದರೆ ರೋಗದ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯಲ್ಲ. ನೀರು ಆವಿಯಾಗಿ ಅದು ಉಳಿಯುತ್ತೆ. ತಳದ ಬಿಳಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಅಷ್ಟು ಮಾತ್ರ ನಾನು ಹೇಳಿದೆ. ಅರ್ಧ ಇಂಗಿಸಿದ ನೀರಿನಲ್ಲಿ ಲೀಟರಿಗೆ ಸುಮಾರು 7.6. ಅವತ್ತು ಸಂಜೆ ಎಷ್ಟು ಹುಡುಗಿಯರು ಮನೆಗೆ ಹೋಗಿ ಅಮ್ಮನಿಗೆ ಇದನ್ನು ಹೇಳಿರಬೇಡ!

ನಮ್ಮ ಮಕ್ಕಳಿಗೆ ಕೆಮಿಸ್ಟ್ರಿ ಹೊಸದು ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಸುಣ್ಣದ ತೊಟ್ಟಿಯಲ್ಲಿ ತೊಗಲು ನೆನೆಸಿ ಕೂದಲು ಬಿಡಿಸಿದ್ದು, ತಂಗಡಿ ತೊಗಟೆ, ಅದೇ ತಮಿಳಿನ ಆವಾರಂ, ಅದರ ರಸದಲ್ಲಿ ಹದ ಮಾಡಿ ಕೊಳೆಯದ ಹಾಗೆ ಮಾಡಿದ್ದು ಯಾರು? ಸುಣ್ಣ ಕ್ಷಾರ, ತೊಗಟೆಯಲ್ಲಿ ಟ್ಯಾನಿನ್, ಅದು ತೊಗಲಿನ ಪ್ರೋಟೀನ್ ಹಿಡಿದುಕೊಳ್ಳುತ್ತೆ. ನಮ್ಮ ತಾತಂದಿರು ಅದನ್ನು ಕೈಯಲ್ಲಿ ಮಾಡಿದರು, ಊರು ಅವರನ್ನು ಮುಟ್ಟಲಿಲ್ಲ. ಅದೇ ಕೆಲಸವನ್ನು ಬಿಳಿ ಕೋಟು ಹಾಕಿಕೊಂಡು ಮಾಡಿದವನು ಸೈಂಟಿಸ್ಟ್. ಮಕ್ಕಳು ಮತ್ತೆ ಆ ಕೆಲಸಕ್ಕೆ ಹೋಗಲಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತಪ್ಪು ತಿಳೀಬೇಡಿ. ಆ ತೊಟ್ಟಿಯಲ್ಲಿ ಇದ್ದದ್ದು ಕೊಳಕು ಅಲ್ಲ, ವಿದ್ಯೆ ಅಂತ ಅವರಿಗೆ ತಿಳಿಯಲಿ.

ಮಕ್ಕಳಿಗೂ ಒಂದು ಎಚ್ಚರಿಕೆ. ಈ ರೀತಿ ಕೂತಾಗ ಮೊದಮೊದಲು ನಿಮಗೆ "ಏನೂ ಕಲೀಲಿಲ್ಲ, ಸಾರ್ ಪಾಠ ಮಾಡಿದ್ದರೆ ಚೆನ್ನಾಗಿತ್ತು" ಅನ್ನಿಸುತ್ತೆ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದುವವರಿಗೂ ಹಾಗೇ ಅನ್ನಿಸಿತು. 2019ರಲ್ಲಿ ಪರೀಕ್ಷೆ ಮಾಡಿ ನೋಡಿದರೆ, ಲೆಕ್ಚರ್ ಕೇಳಿದವರು ಹೆಚ್ಚು ಕಲಿತೆವು ಅಂದುಕೊಂಡಿದ್ದರು, ಆದರೆ ನಿಜವಾಗಿ ಹೆಚ್ಚು ಕಲಿತಿದ್ದವರು ತಾವೇ ಒದ್ದಾಡಿದವರು. ಒದ್ದಾಟ ಅಂದರೆ ಬರ್ತಿಲ್ಲ ಅಂತ ಅಲ್ಲ.

ಕಾಲೇಜಿನಲ್ಲಿ ಎಲ್ಲಾ ಮೇಷ್ಟ್ರುಗಳೂ ಇದನ್ನು ಮಾಡುವವರೆಗೆ ನಾವು ಕಾಯೋಕೆ ಆಗಲ್ಲ. ಕೊರೋನಾ ಆದಮೇಲೆ 2021ರಲ್ಲಿ ಇಲ್ಲಂ ತೇಡಿ ಕಲ್ವಿ ಬಂದಾಗ ನಮ್ಮ ಬೀದಿಯ ಅಕ್ಕಂದಿರೇ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಟ್ಟರಲ್ಲ, ಎಂಟನೇ ಕ್ಲಾಸಿನವರೆಗೆ. ಅದನ್ನೇ ಕಾಲೇಜು ಮಕ್ಕಳಿಗೆ ಮಾಡೋಣ ಅಂತ ಸಂಘದವರನ್ನು ಕೇಳಿದ್ದೀನಿ, ಒಪ್ಪಿದ್ದಾರೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ, ಈ ಸಮುದಾಯ ಭವನದಲ್ಲೇ. ಹಾಳೆ ಜೆರಾಕ್ಸ್ ಖರ್ಚು ನನ್ನದು. ಊರಿನ ಮಕ್ಕಳು ಬಂದರೂ ಬರಲಿ, ಬಾಗಿಲು ತೆರೆದಿರುತ್ತೆ. ಕೂರುವುದು ಮಾತ್ರ ನಾನು ಹೇಳಿದ ಹಾಗೆ. ಅರಿಯರ್ ಇರುವವರು ನಾಚಿಕೊಳ್ಳದೆ ಬನ್ನಿ, ಇಲ್ಲದವರೂ ಬನ್ನಿ, ಇಬ್ಬರೂ ಇದ್ದರೇ ಗುಂಪು ನಡೆಯೋದು. ಬೆಂಗಳೂರಿಗೆ ಹೋಗಿರುವವರಿಗೆ ಫೋನ್ ಮಾಡಿ, ಬಿಟ್ಟ ಪೇಪರ್ ಇನ್ನೂ ಬರೆಯಬಹುದಾ ಅಂತ ಕಾಲೇಜು ಆಫೀಸಿನಲ್ಲಿ ನಾನೇ ಕೇಳಿ ಹೇಳ್ತೀನಿ.

ತಾಯಂದಿರಿಗೆ ಒಂದು ಮಾತು. ಭವನದಿಂದ ಗಲಾಟೆ ಕೇಳಿಸುತ್ತೆ. ಓದೋದು ಬಿಟ್ಟು ಜಗಳ ಆಡ್ತಿದ್ದಾರೆ ಅಂತ ಬಂದು ಎಬ್ಬಿಸಬೇಡಿ.

ಮೊದಲ ವಾರದ ಹಾಳೆ ನೀರಿನದು. ಬರುವವರು ಮನೆಯಲ್ಲಿ ಕುಡಿಯುವ ನೀರು ಒಂದು ಬಾಟ್ಲಿ ತನ್ನಿ, ನಲ್ಲಿಯದೋ ಬೋರಿನದೋ ಅಂತ ಮೇಲೆ ಚೀಟಿ ಅಂಟಿಸಿ. ಜೈ ಭೀಮ್.